ನಗರದಡಿಯ ನಗರ: ಎಡಿನ್‌ಬರೋದಲ್ಲಿ ಎರಡು ದಿನ

ಮಧ್ಯಾಹ್ನ ಒಂದು ಗಂಟೆ. ಎಡಿನ್‌ಬರೋ ನಗರದ ಪ್ರಿನ್ಸೆಸ್ ಬೀದಿಯಲ್ಲಿ ಜನ ಎಂದಿನಂತೆ ಓಡಾಡುತ್ತಿರುತ್ತಾರೆ. ಇದ್ದಕ್ಕಿದ್ದಂತೆ ಬಂಡೆಯ ಮೇಲಿನ ಕೋಟೆಯಿಂದ ಫಿರಂಗಿಯ ಸದ್ದು ಸಿಡಿಯುತ್ತದೆ. ಬೆಚ್ಚಿಬಿದ್ದು ಕತ್ತೆತ್ತಿ ನೋಡಿದವನು ಪರವೂರಿನವನೆಂದೂ, ಕೈಗಡಿಯಾರವನ್ನೊಮ್ಮೆ ನೋಡಿಕೊಂಡು ಸುಮ್ಮನೆ ನಡೆದವನು ಊರಿನವನೆಂದೂ ತಿಳಿಯಬಹುದು.

1861ರಿಂದ ನಡೆದುಬಂದಿರುವ ಪದ್ಧತಿ ಇದು. ಭಾನುವಾರ, ಗುಡ್ ಫ್ರೈಡೆ, ಕ್ರಿಸ್‌ಮಸ್ ದಿನಗಳನ್ನುಳಿದು ಪ್ರತಿದಿನವೂ ಈ ಫಿರಂಗಿ ಹಾರುತ್ತದೆ. ಹತ್ತಿರದ ಲೀತ್ ಬಂದರಿನಲ್ಲಿ ಲಂಗರು ಹಾಕಿದ ಹಡಗಿನವರಿಗೆ ಸರಿಯಾದ ಕಾಲ ತಿಳಿಯದೆ ನಡುಗಡಲಿನಲ್ಲಿ ತಾವೆಲ್ಲಿರುವೆವೆಂಬುದು ತಿಳಿಯುವಂತಿರಲಿಲ್ಲ. ಅವರಿಗಾಗಿ ಮೊದಲು ಕ್ಯಾಲ್ಟನ್ ಗುಡ್ಡದ ನೆಲ್ಸನ್ ಗೋಪುರದ ಮೇಲೆ ಒಂದು ದೊಡ್ಡ ಗೋಳವನ್ನು ಏರಿಸಿ, ಸರಿಯಾಗಿ ಒಂದು ಗಂಟೆಗೆ ಕೆಳಗಿಳಿಸುತ್ತಿದ್ದರು. ಆದರೆ ಕಡಲಿನಿಂದ ಮಂಜು ಕವಿದ ದಿನ ಗೋಳ ಕಾಣಿಸಬೇಕಲ್ಲ! ಕಣ್ಣಿಗೆ ಕಾಣದ್ದು ಕಿವಿಗಾದರೂ ಕೇಳಲೆಂದು ಫಿರಂಗಿ ಬಂತು. ಸದ್ದು ಬಂದರನ್ನು ಮುಟ್ಟುವುದಕ್ಕೂ ಕೆಲವು ಸೆಕೆಂಡುಗಳು ಬೇಕು. ಯಾವ ಬೀದಿಯವರು ಎಷ್ಟು ಸೆಕೆಂಡು ಕಳೆಯಬೇಕೆಂಬುದನ್ನು ವರ್ತುಲಗಳಲ್ಲಿ ತೋರಿಸುವ ನಕ್ಷೆಯನ್ನೇ ಆ ಕಾಲದಲ್ಲಿ ಅಚ್ಚುಹಾಕಿಸಿದ್ದರು. ಹನ್ನೆರಡು ಗಂಟೆಗೆ ಹಾರಿಸಿದರೆ ಹನ್ನೆರಡು ಸಲ ಮದ್ದು ಸುಡಬೇಕು, ಒಂದು ಗಂಟೆಗಾದರೆ ಒಂದೇ ಸಲ ಸಾಕೆಂದು ಸ್ಕಾಟ್ ಜನರ ಮಿತವ್ಯಯವನ್ನು ಹಾಸ್ಯ ಮಾಡುವವರೂ ಉಂಟು.

ಇಷ್ಟು ಕರಾರುವಾಕ್ಕಾದ ಊರಿನಲ್ಲಿ, ವೇವರ್ಲಿ ರೈಲು ನಿಲ್ದಾಣದ ಮೇಲಿರುವ ದೊಡ್ಡ ಹೋಟೆಲಿನ ಗೋಪುರದ ಗಡಿಯಾರ ಮಾತ್ರ ಬೇಕೆಂತಲೇ ಮೂರು ನಿಮಿಷ ಮುಂದಿರುತ್ತದೆ. ಪ್ರಯಾಣಿಕರು ರೈಲು ತಪ್ಪಿಸಿಕೊಳ್ಳಬಾರದಲ್ಲ! ವರ್ಷಕ್ಕೊಂದೇ ರಾತ್ರಿ, ಡಿಸೆಂಬರ್ 31ರಂದು, ಅದು ನಿಜವಾದ ವೇಳೆಯನ್ನು ತೋರಿಸುತ್ತದೆ.

ಎರಡು ದಿನದ ಬಿಡುವಿನಲ್ಲಿ ಈ ನಗರಕ್ಕೆ ಬಂದವರು ಮಾಡುವ ಕೆಲಸ ಸಾಮಾನ್ಯವಾಗಿ ಒಂದೇ. ಕೋಟೆಯನ್ನು ಹತ್ತುತ್ತಾರೆ, ಕಿರೀಟ, ರಾಜದಂಡಗಳನ್ನು ನೋಡುತ್ತಾರೆ, ಚೌಕುಳಿಯ ಉಣ್ಣೆಯ ಶಾಲೊಂದನ್ನು ಕೊಂಡು ಹೊರಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಕಾಲಿನಲ್ಲಿ ಕಸುವಿದ್ದು ಮೆಟ್ಟಿಲಿಗೆ ಅಂಜದವರು ಕೋಟೆಯನ್ನು ಹೊರಗಿನಿಂದಲೇ ನೋಡಿ, ಅದರ ನೆರಳಿನಲ್ಲಿ ಬಾಳಿದ ಜನರ ಮನೆಗಳನ್ನು ಹುಡುಕಿಕೊಂಡು ಹೋಗುವುದು ಲೇಸು. ಆ ಮನೆಗಳಲ್ಲಿ ಕೆಲವು ಈಗ ನೆಲದಡಿಯಲ್ಲಿವೆ.

ಹಳೆಯ ಎಡಿನ್‌ಬರೋ ನಿಂತಿರುವುದು ಒಂದೇ ದಿಣ್ಣೆಯ ಬೆನ್ನಿನ ಮೇಲೆ. ಪಶ್ಚಿಮದ ತುದಿಯಲ್ಲಿ ಕೋಟೆ, ಪೂರ್ವದ ತುದಿಯಲ್ಲಿ ಹಾಲಿರೂಡ್ ಅರಮನೆ. ನಡುವಿನ ರಸ್ತೆ ಒಂದು ಮೈಲಿಗಿಂತ ತುಸು ಹೆಚ್ಚು. ಮೀನಿನ ಬೆನ್ನೆಲುಬಿನಿಂದ ಮುಳ್ಳುಗಳು ಹೊರಟಂತೆ ಈ ರಸ್ತೆಯ ಎರಡು ಪಕ್ಕಕ್ಕೂ ಇಕ್ಕಟ್ಟಾದ ಓಣಿಗಳು ಇಳಿಯುತ್ತವೆ. ಅವಕ್ಕೆ ‘ಕ್ಲೋಸ್’ ಎಂದು ಹೆಸರು. ಕೆಲವೆಡೆ ಎರಡು ಕೈ ಚಾಚಿದರೆ ಎರಡು ಗೋಡೆಗಳೂ ಸಿಕ್ಕುತ್ತವೆ. 1513ರಲ್ಲಿ ಫ್ಲಾಡೆನ್ ಕಾಳಗದಲ್ಲಿ ಇಂಗ್ಲೆಂಡಿನವರಿಗೆ ಸೋತ ಮೇಲೆ ಊರಿನವರು ಭಯದಿಂದ ಸುತ್ತ ಗೋಡೆ ಕಟ್ಟಿಕೊಂಡರು. ಗೋಡೆಯೊಳಗೆ ಜನ ಬೆಳೆದರು, ಜಾಗ ಬೆಳೆಯಲಿಲ್ಲ. ಮನೆಗಳು ಆಕಾಶದತ್ತ ಏರಿದವು. ಇಳಿಜಾರಿನ ಕಡೆಯಿಂದ ಎಣಿಸಿದರೆ ಹತ್ತು ಮಹಡಿ ದಾಟುವ ಕಟ್ಟಡಗಳಿದ್ದವು. ಅಂಗಡಿಯವರು, ನ್ಯಾಯಾಧೀಶರು, ಕೂಲಿಯವರು ಒಂದೇ ಏಣಿಮೆಟ್ಟಿಲನ್ನು ಹತ್ತಿ ಇಳಿಯುತ್ತಿದ್ದರು. ರಾತ್ರಿ ಹತ್ತು ಗಂಟೆಯಾದರೆ ಮೇಲಿನ ಕಿಟಕಿಗಳಿಂದ ‘ಗಾರ್ಡಿಲೂ!’ ಎಂಬ ಕೂಗು. ‘ನೀರು, ಜೋಕೆ!’ ಎಂಬರ್ಥದ ಫ್ರೆಂಚ್ ಮಾತಿನ ಅಪಭ್ರಂಶವದು. ಬೀಳುತ್ತಿದ್ದದ್ದು ಬರಿಯ ನೀರಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಹೈ ಸ್ಟ್ರೀಟಿನಲ್ಲಿ ಸಂತ ಗೈಲ್ಸ್ ಚರ್ಚಿನ ಎದುರಿಗೆ ಪುರಸಭೆಯ ಭವ್ಯ ಕಟ್ಟಡವಿದೆ. 1753ರಲ್ಲಿ ಅದನ್ನು ಕಟ್ಟಲು ತೊಡಗಿದಾಗ ಇಳಿಜಾರಿನಲ್ಲಿದ್ದ ಓಣಿಗಳ ಮನೆಗಳ ಮೇಲ್ಮಹಡಿಗಳನ್ನು ಮಾತ್ರ ಕೆಡವಿ, ಕೆಳಗಿನ ಭಾಗವನ್ನು ಹಾಗೆಯೇ ಉಳಿಸಿ ತಳಹದಿಯನ್ನಾಗಿ ಮಾಡಿಕೊಂಡರು. ಹೀಗೆ ಒಂದಿಡೀ ಓಣಿ ನೆಲದಡಿ ಸೇರಿತು. ಅದೇ ಮೇರಿ ಕಿಂಗಳ ಓಣಿ. 2003ರಿಂದ ಜನರಿಗೆ ಅದನ್ನು ತೋರಿಸುತ್ತಿದ್ದಾರೆ. ಮಾರ್ಗದರ್ಶಕರೊಡನೆ ಗುಂಪಾಗಿಯೇ ಇಳಿಯಬೇಕು. ಮೊದಲೇ ಚೀಟಿ ಕೊಂಡಿರುವುದು ಒಳ್ಳೆಯದು.

ಮೇರಿ ಕಿಂಗ್ ರಾಣಿಯಲ್ಲ, ರಾಜಕುಮಾರಿಯೂ ಅಲ್ಲ. 1630ರ ದಶಕದಲ್ಲಿ ಇಲ್ಲಿ ಬಾಳಿದ ವಿಧವೆ; ಬಟ್ಟೆಯ ವ್ಯಾಪಾರದಿಂದ ನಾಲ್ಕು ಮಕ್ಕಳನ್ನು ಸಾಕಿದವಳು. ಹೆಂಗಸಿನ ಹೆಸರನ್ನು ಓಣಿಗಿಟ್ಟುಕೊಳ್ಳುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಒಳಗೆ ಗಾಳಿ ತಣ್ಣಗೆ, ತೇವವಾಗಿದೆ. ಓಣಿ ಕಡಿದಾಗಿ ಕೆಳಗಿಳಿಯುತ್ತದೆ. ಎರಡೂ ಕಡೆ ಬಾಗಿಲುಗಳು, ಕಿಟಕಿಗಳು, ಒಲೆಯ ಗೂಡುಗಳು; ಮೇಲೆ ಆಕಾಶವಿರಬೇಕಾದಲ್ಲಿ ಕಲ್ಲಿನ ಕಮಾನು. ಒಂದು ಭಾಗದಲ್ಲಿ ಗರಗಸ ಮಾಡುವ ಕಸುಬುದಾರನೊಬ್ಬ 1902ರ ತನಕವೂ ಜಾಗ ಬಿಡದೆ ಇದ್ದನು.

1645ರಲ್ಲಿ ಪ್ಲೇಗು ಬಂತು. ರೋಗ ಹೊಕ್ಕ ಮನೆಯವರು ಕಿಟಕಿಗೆ ಬಿಳಿಯ ಬಟ್ಟೆ ಕಟ್ಟಿ ಅನ್ನ ನೀರಿಗಾಗಿ ಕಾಯುತ್ತಿದ್ದರು. ರೋಗಿಗಳನ್ನು ಒಳಗಿಟ್ಟು ಓಣಿಗೆ ಗೋಡೆ ಕಟ್ಟಿಬಿಟ್ಟರೆಂಬ ಕಥೆಯೊಂದು ಪ್ರಸಿದ್ಧವಾಗಿದೆ, ಅದು ನಿಜವಲ್ಲ. ನಿಜವಾದ ಸಂಗತಿ ಅದಕ್ಕಿಂತ ಸ್ವಾರಸ್ಯವಾಗಿದೆ. ಪ್ಲೇಗಿನ ಮೊದಲ ವೈದ್ಯನು ರೋಗಕ್ಕೇ ಬಲಿಯಾದ ಮೇಲೆ ಜಾರ್ಜ್ ರೇ ಎಂಬವನನ್ನು ಪುರಸಭೆ ಭಾರಿ ಸಂಬಳದ ಆಸೆ ತೋರಿಸಿ ನೇಮಿಸಿತು. ಇವನೂ ಹೆಚ್ಚು ದಿನ ಬದುಕನೆಂದೇ ಅವರ ಲೆಕ್ಕ. ರೇ ಕೊಕ್ಕಿನಂಥ ಮುಖವಾಡ, ತೊಗಲಿನ ನಿಲುವಂಗಿ ತೊಟ್ಟು ಮನೆಮನೆಗೆ ಹೋಗಿ ಗೆಡ್ಡೆಗಳನ್ನು ಕುಯ್ದು ಸುಟ್ಟನು; ಬದುಕಿಯೂ ಉಳಿದನು. ಆಮೇಲೆ ಸಂಬಳ ವಸೂಲಿಗಾಗಿ ಅವನು ಪಟ್ಟ ಪಾಡು ಪ್ಲೇಗಿನದಕ್ಕಿಂತ ಕಡಮೆಯದಲ್ಲ!

ಇಲ್ಲಿಯ ಒಂದು ಕೋಣೆಯಲ್ಲಿ ಬೊಂಬೆಗಳ ರಾಶಿ ಬಿದ್ದಿರುತ್ತದೆ. 1992ರಲ್ಲಿ ಬಂದ ಜಪಾನಿನ ಮಹಿಳೆಯೊಬ್ಬಳು, ತನ್ನ ಬೊಂಬೆ ಕಳೆದುಹೋಯಿತೆಂದು ಅಳುವ ಹುಡುಗಿಯ ಸುಳಿವು ತನಗೆ ಹತ್ತಿತೆಂದು ಹೇಳಿ, ಅಂಗಡಿಯಿಂದ ಒಂದು ಬೊಂಬೆ ತರಿಸಿಟ್ಟಳು. ಅಂದಿನಿಂದ ಬಂದವರೆಲ್ಲ ಆಟಿಕೆ, ನಾಣ್ಯಗಳನ್ನು ಇಟ್ಟುಹೋಗುತ್ತಾರೆ. ದೆವ್ವದ ಮಾತನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಕೂಡಿಬಿದ್ದ ಕಾಣಿಕೆ ಕಾಯಿಲೆಯ ಮಕ್ಕಳ ನೆರವಿಗೆ ಹೋಗುತ್ತದೆಂಬುದಂತೂ ದಿಟ.

ಮೇಲೆ ಬಂದು ಬೆಳಕು ಕಂಡ ಮೇಲೆ ಅದೇ ಬೀದಿಯಲ್ಲಿ ಪೂರ್ವಕ್ಕೆ ಐದು ನಿಮಿಷ ನಡೆದರೆ ಎಡಗಡೆಗೆ ಪೇಸ್ಲಿ ಓಣಿಯ ಬಾಗಿಲು. ಸಾವಿರಾರು ಜನ ತಲೆಯೆತ್ತದೆ ಅದನ್ನು ದಾಟಿಹೋಗುತ್ತಾರೆ. ತಲೆಯೆತ್ತಿದವರಿಗೆ ಬಾಗಿಲ ಕಮಾನಿನ ಮೇಲೆ ಒಬ್ಬ ಹುಡುಗನ ಮುಖದ ಶಿಲ್ಪ ಕಾಣಿಸುತ್ತದೆ.

ಈ ಹುಡುಗನನ್ನು ಅರಿಯಬೇಕಾದರೆ ಊರು ಇಬ್ಭಾಗವಾದ ಬಗೆಯನ್ನು ನೆನೆಯಬೇಕು. 1766ರಲ್ಲಿ ಜೇಮ್ಸ್ ಕ್ರೇಗ್ ಎಂಬ ತರುಣ ಶಿಲ್ಪಿ ಬರೆದ ನಕ್ಷೆಯಂತೆ ಉತ್ತರದ ಬಯಲಿನಲ್ಲಿ ಹೊಸ ಊರು ಎದ್ದಿತು. ಅಗಲವಾದ ಬೀದಿಗಳು, ಉದ್ಯಾನಗಳು, ಸಾಲು ಮನೆಗಳು. ಕೈಯಲ್ಲಿ ಹಣವಿದ್ದವರು ಒಬ್ಬೊಬ್ಬರಾಗಿ ಅತ್ತ ಹೊರಟುಹೋದರು. ಬೆಂಗಳೂರಿನಲ್ಲಿ 1898ರ ಪ್ಲೇಗಿನ ಬೆನ್ನಿಗೇ ಬಸವನಗುಡಿ, ಮಲ್ಲೇಶ್ವರಗಳು ಎದ್ದ ಕಥೆಯನ್ನು ಹಿರಿಯರಿಂದ ಕೇಳಿದವರಿಗೆ ಇದರ ಅರ್ಥ ಸುಲಭವಾಗಿ ಆದೀತು. ಹಳೆಯ ಊರಿನಲ್ಲಿ ಉಳಿದವರು ಬಡವರು. ಶ್ರೀಮಂತರು ಬಿಟ್ಟ ಕೋಣೆಗಳನ್ನು ಹಲಗೆಗಳಿಂದ ತುಂಡರಿಸಿ ಒಂದೊಂದು ತುಂಡಿನಲ್ಲಿ ಒಂದೊಂದು ಸಂಸಾರ ಹೂಡಿದರು. ರಿಪೇರಿ ಮಾಡಿಸುವವರಿರಲಿಲ್ಲ.

1861ರ ನವೆಂಬರ್ 24ರ ಭಾನುವಾರ, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಪೇಸ್ಲಿ ಓಣಿಯ ಹಳೆಯ ಕಟ್ಟಡ ಮಲಗಿದ್ದವರ ಸಮೇತ ಕುಸಿದುಬಿತ್ತು. 35 ಜನ ಸತ್ತರು. ಕಲ್ಲುಮಣ್ಣನ್ನು ಅಗೆಯುತ್ತಿದ್ದವರು ಇನ್ನು ಯಾರೂ ಉಳಿದಿಲ್ಲವೆಂದು ಕೈಚೆಲ್ಲುವಷ್ಟರಲ್ಲಿ ಅವಶೇಷದೊಳಗಿನಿಂದ ಒಂದು ದನಿ ಬಂತು: ‘ಎತ್ತಿರಪ್ಪ, ಎತ್ತಿರಿ, ನಾನಿನ್ನೂ ಸತ್ತಿಲ್ಲ!’ ಜೋಸೆಫ್ ಮೆಕೈವರ್ ಎಂಬ ಹುಡುಗ ಜೀವಸಹಿತ ಹೊರಬಂದನು. ಹೊಸ ಕಟ್ಟಡ ಎದ್ದಾಗ ಅವನ ಮುಖವನ್ನೂ ಅವನಾಡಿದ ಮಾತನ್ನೂ ಬಾಗಿಲ ಮೇಲೆ ಕೆತ್ತಿದರು. ಕೋಟೆಯ ಫಿರಂಗಿ ಮೊದಲು ಹಾರಿದ ವರ್ಷವೂ ಅದೇ. ಹಡಗುಗಳಿಗಾಗಿ ಸೆಕೆಂಡುಗಳನ್ನು ಎಣಿಸಿದ ಊರಿಗೆ ತನ್ನ ಮನೆಗಳ ಬಿರುಕು ಕಂಡಿರಲಿಲ್ಲ.

ಆ ದುರಂತದಿಂದ ಊರು ಎಚ್ಚೆತ್ತಿತೆನ್ನಬೇಕು. ಮರುವರ್ಷ ಹೆನ್ರಿ ಲಿಟ್ಲ್‌ಜಾನ್ ಎಂಬ ವೈದ್ಯನನ್ನು ನಗರದ ಆರೋಗ್ಯಾಧಿಕಾರಿಯನ್ನಾಗಿ ನೇಮಿಸಿದರು. ಸ್ಕಾಟ್ಲೆಂಡಿನಲ್ಲೇ ಮೊದಲನೆಯ ಹುದ್ದೆ ಅದು. ಆತ ಓಣಿ ಓಣಿ ಅಲೆದು, ಎಲ್ಲಿ ಎಷ್ಟು ಜನ, ಎಷ್ಟು ಸಾವು, ಯಾವ ಮನೆಯ ಮಗ್ಗುಲಲ್ಲಿ ದನದ ಕೊಟ್ಟಿಗೆ ಎಂದೆಲ್ಲ ಬರೆದು 1865ರಲ್ಲಿ ವರದಿ ಒಪ್ಪಿಸಿದನು. 1867ರ ಶಾಸನದಂತೆ ಹಲವು ಓಣಿಗಳನ್ನು ಕೆಡವಿ ಗಾಳಿಯಾಡುವ ಬೀದಿಗಳನ್ನು ಮಾಡಿದರು. ಒಳ್ಳೆಯದೇ ಆಯಿತು, ಆದರೆ ಕೆಡವಿದ ಮನೆಗಳಲ್ಲಿದ್ದ ಬಡವರು ಪಕ್ಕದ ಓಣಿಗೆ ಹೋಗಿ ಅಲ್ಲಿನ ಜನಸಂದಣಿಯನ್ನು ಹೆಚ್ಚಿಸಿದರೇ ಹೊರತು ಬೇರೇನಾದೀತು?

ಈ ಪ್ರಶ್ನೆಗೆ ಉತ್ತರ ಹುಡುಕಿದವನ ಗೋಪುರ ಕೋಟೆಯ ಬಾಗಿಲಿನ ಬಳಿಯೇ ಇದೆ. ಆದ್ದರಿಂದ ಇಳಿದ ಬೀದಿಯನ್ನು ಮತ್ತೆ ಮೇಲಕ್ಕೆ ಹತ್ತಬೇಕು. ದಾರಿಯಲ್ಲಿ ಬಲಗಡೆಗೆ ಜೇಮ್ಸ್ ಕೋರ್ಟ್ ಎಂಬ ವಠಾರ. 1886ರಲ್ಲಿ ಪ್ಯಾಟ್ರಿಕ್ ಗೆಡ್ಡೆಸ್ ಎಂಬ ಸಸ್ಯವಿಜ್ಞಾನಿ ಹೊಸದಾಗಿ ಮದುವೆಯಾದ ಹೆಂಡತಿ ಆ್ಯನಳೊಡನೆ ಈ ಕೊಳಕು ವಠಾರಕ್ಕೆ ಬಿಡಾರ ತಂದನು. ಬುದ್ಧಿವಾದ ಹೇಳಲಿಲ್ಲ. ತಾನೇ ಗುಡಿಸಿ, ಸುಣ್ಣ ಬಳಿದು, ಕಿಟಕಿಗೆ ಹೂವಿನ ಕುಂಡ ಇಟ್ಟನು. ನೆರೆಯವರು ನೋಡಿದರು, ಕೈಜೋಡಿಸಿದರು. ಓಣಿಯನ್ನೆಲ್ಲ ನೆಲಸಮ ಮಾಡುವ ಬದಲು, ತೀರ ಕೆಟ್ಟದ್ದನ್ನು ಮಾತ್ರ ತೆಗೆದು, ಉಳಿದುದನ್ನು ದುರಸ್ತಿ ಮಾಡಿ, ತೆರವಾದ ಜಾಗದಲ್ಲಿ ತೋಟ ಮಾಡಬೇಕೆಂಬುದು ಅವನ ಮತ. ಮಿತವಾದ ಶಸ್ತ್ರಚಿಕಿತ್ಸೆಯೆಂದು ಅದನ್ನು ಕರೆದನು.

ಅವನು 1892ರಲ್ಲಿ ವಶಕ್ಕೆ ತೆಗೆದುಕೊಂಡ ಗೋಪುರದ ತುದಿಯಲ್ಲಿ ಮರಿಯಾ ಥೆರೇಸಾ ಷಾರ್ಟ್ ಎಂಬ ಮಹಿಳೆ 1853ರಲ್ಲಿ ಸ್ಥಾಪಿಸಿದ ‘ಕ್ಯಾಮೆರಾ ಅಬ್ಸ್‌ಕ್ಯೂರಾ’ ಇತ್ತು. ಇಂದಿಗೂ ಜನ ಅದಕ್ಕಾಗಿ ಮೆಟ್ಟಿಲು ಹತ್ತುತ್ತಾರೆ. ಕತ್ತಲೆಯ ಕೋಣೆ. ನಡುವೆ ಬಿಳಿಯ ದುಂಡು ಮೇಜು. ಮಾಡಿನ ಮೇಲಿನ ಕನ್ನಡಿ ಮತ್ತು ಮಸೂರಗಳು ಹೊರಗಿನ ಊರನ್ನು ಮೇಜಿನ ಮೇಲೆ ಬೀಳಿಸುತ್ತವೆ. ಚಿತ್ರವಲ್ಲ, ಜೀವಂತ ಊರು! ಬಸ್ಸು ಚಲಿಸುತ್ತದೆ, ಮರ ಅಲುಗುತ್ತದೆ. ಮಕ್ಕಳು ಬಿಳಿಯ ಕಾಗದದ ಚೂರೊಂದನ್ನು ಮೇಜಿನ ಮೇಲೆ ಹಿಡಿದು ಬೀದಿಯಲ್ಲಿ ಹೋಗುವ ಮನುಷ್ಯನನ್ನು ಕಾಗದದ ಮೇಲೆ ಎತ್ತಿಕೊಂಡು ಕಿಲಕಿಲ ನಗುತ್ತಾರೆ. ಮೋಡ ಕವಿದ ದಿನ ಈ ಆಟ ಮಂಕು. ಬಿಸಿಲು ಬಿದ್ದೊಡನೆ ಉಳಿದ ಕೆಲಸ ಬಿಟ್ಟು ಇಲ್ಲಿಗೆ ಓಡಬೇಕು. ಕೆಳಗಿನ ಮಹಡಿಗಳಲ್ಲಿ ಈಗ ಕನ್ನಡಿಯ ಜಾಲ, ದೃಷ್ಟಿಭ್ರಮೆಯ ವಿನೋದಗಳು ತುಂಬಿವೆ. ಗೆಡ್ಡೆಸ್‌ನ ಕಾಲದಲ್ಲಿ ಹಾಗಿರಲಿಲ್ಲ. ಅತಿಥಿಯನ್ನು ಆತ ಏದುಸಿರು ಬಿಡುವಂತೆ ತುದಿಗೇ ಹತ್ತಿಸಿ, ಊರನ್ನು ತೋರಿಸಿ, ಆಮೇಲೆ ಕುರ್ಚಿಯೊಂದೇ ಇದ್ದ ಬರಿಯ ಕೋಣೆಯಲ್ಲಿ ಕಂಡದ್ದನ್ನು ಮನನ ಮಾಡಲು ಕೂಡಿಸುತ್ತಿದ್ದನಂತೆ! ಅಲ್ಲಿಂದ ಒಂದೊಂದೇ ಮಹಡಿ ಇಳಿದಂತೆ ಎಡಿನ್‌ಬರೋ, ಸ್ಕಾಟ್ಲೆಂಡ್, ಯುರೋಪು, ಕಟ್ಟಕಡೆಗೆ ಪ್ರಪಂಚ. ತರುಣನಾಗಿದ್ದಾಗ ಮೆಕ್ಸಿಕೋ ದೇಶದಲ್ಲಿ ಕಣ್ಣು ಕೆಟ್ಟು, ವಾರಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಕುಳಿತಿದ್ದ ಮನುಷ್ಯ ಆತ. ನೋಡುವುದರ ಬೆಲೆ ಗೊತ್ತಿತ್ತು.

ಭಾರತೀಯನಿಗೆ ಈ ಗೋಪುರ ಪರಕೀಯವಲ್ಲ. 1914ರಲ್ಲಿ ಮದರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲ್ಯಾಂಡರ ಆಹ್ವಾನದ ಮೇಲೆ ಗೆಡ್ಡೆಸ್ ಭಾರತಕ್ಕೆ ಬಂದನು. ಅವನ ನಗರ ಪ್ರದರ್ಶನದ ನಕ್ಷೆ, ಚಿತ್ರಗಳನ್ನು ಹೊತ್ತ ಹಡಗನ್ನು ಎಮ್ಡೆನ್ ಎಂಬ ಜರ್ಮನ್ ಯುದ್ಧನೌಕೆ ಮುಳುಗಿಸಿತು. ಎದೆಗುಂದದೆ ಮತ್ತೆ ಕೂಡಿಸಿದನು. ಮಧುರೆ, ತಂಜಾವೂರು, ಇಂದೂರು ಮೊದಲಾದ ಊರುಗಳ ಗಲ್ಲಿಗಳನ್ನು ಬರಿಗಾಲಿನವರ ಜತೆಯಲ್ಲಿ ಸುತ್ತಿ ವರದಿಗಳನ್ನು ಬರೆದನು. 1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಸಮಾಜಶಾಸ್ತ್ರದ ಮೊದಲ ಪ್ರಾಧ್ಯಾಪಕನಾದನು. ಜಗದೀಶಚಂದ್ರ ಬೋಸರ ಜೀವನಚರಿತ್ರೆಯನ್ನು ಬರೆದನು.

ಇಂದೂರಿನಲ್ಲಿ ಪ್ಲೇಗು ಹಾವಳಿಯೆಬ್ಬಿಸಿದ್ದಾಗ ಆತ ಹೂಡಿದ ಉಪಾಯ ಸೊಗಸಾಗಿದೆ. ಅಲ್ಲಿಯ ಮಹಾರಾಜರನ್ನು ಕೇಳಿಕೊಂಡು ಒಂದು ದಿನದ ಮಟ್ಟಿಗೆ ಅಧಿಕಾರ ಪಡೆದು, ದೀಪಾವಳಿಯ ಮೆರವಣಿಗೆ ಅತ್ಯಂತ ಚೊಕ್ಕಟವಾದ ಬೀದಿಗಳಲ್ಲಿಯೇ ಹೋಗುವುದೆಂದು ಸಾರಿಸಿದನು. ಸರಿ, ಊರಿಗೆ ಊರೇ ಪೊರಕೆ ಹಿಡಿಯಿತು. ಮೆರವಣಿಗೆಯಲ್ಲಿ ಕೊಳೆಯ ರಾಕ್ಷಸನೂ ಪ್ಲೇಗಿನ ಇಲಿಯೂ ಬಂದರು. ಶುಭ್ರವಾದ ಬಿಳಿಯ ಬಟ್ಟೆ ತೊಟ್ಟ ಬೀದಿ ಗುಡಿಸುವವರು ಎಲ್ಲರೆದುರು ಹೆಮ್ಮೆಯಿಂದ ನಡೆದರು. 1917ರಲ್ಲಿ ಆತನ ಹಿರಿಯ ಮಗ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮಡಿದನು. ಅದೇ ವರ್ಷ ಆ್ಯನ ಭಾರತದಲ್ಲಿಯೇ ಜ್ವರದಿಂದ ತೀರಿಕೊಂಡಳು. ಜೇಮ್ಸ್ ಕೋರ್ಟಿನ ಕಿಟಕಿಯಲ್ಲಿ ಹೂವಿನ ಕುಂಡ ನೋಡಿದವರಿಗೆ ಇಷ್ಟು ನೆನಪಿದ್ದರೆ ಒಳಿತು.

ಸಂಜೆಗೆ ಕಾಲು ಸೋತಿರುತ್ತದೆ. ಕ್ಯಾನನ್‌ಗೇಟಿನಲ್ಲಿ ಡನ್‌ಬಾರ್ ಓಣಿಯನ್ನು ಹೊಕ್ಕರೆ ಹದಿನೇಳನೆಯ ಶತಮಾನದ ಮಾದರಿಯಲ್ಲಿ ಬೆಳೆಸಿದ ಪುಟ್ಟ ತೋಟವೊಂದು ಸಿಕ್ಕುತ್ತದೆ. ಕತ್ತರಿಸಿದ ಪೊದೆಗಳು, ಜಲ್ಲಿಯ ಕಾಲುದಾರಿ, ಕಲ್ಲುಬೆಂಚು. ಕಾಸು ಕೊಡಬೇಕಾಗಿಲ್ಲ. ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗ ಆ ಬೀದಿಯಲ್ಲಿ ಇನ್ನೊಂದಿಲ್ಲ.

ಎರಡನೆಯ ದಿನದ ಬೆಳಗ್ಗೆ ಹಳೆಯ ಊರಿನ ದಕ್ಷಿಣದಲ್ಲಿರುವ ಗ್ರೇಫ್ರಯರ್ಸ್ ಶ್ಮಶಾನ. ಬಾಗಿಲ ಬಳಿ ಒಡೆಯನ ಗೋರಿ ಕಾದನೆಂಬ ಬಾಬಿ ನಾಯಿಯ ವಿಗ್ರಹವಿದೆ. ಅದರ ಮೂಗನ್ನು ಉಜ್ಜಿದರೆ ಅದೃಷ್ಟ ಬರುವುದೆಂದು ಯಾರೋ ಹಬ್ಬಿಸಿದ್ದರಿಂದ ಪಾಪ, ಮೂಗು ಸವೆದಿದೆ. ಮುಟ್ಟದೆ ಒಳಕ್ಕೆ ಹೋಗುವುದು ಮರ್ಯಾದೆ. ಒಳಗೆ ಕೆಲವು ಗೋರಿಗಳ ಮೇಲೆ ಕಬ್ಬಿಣದ ಪಂಜರಗಳಿವೆ. ಸತ್ತವರು ಓಡಿಹೋಗದಿರಲೆಂದಲ್ಲ, ಬದುಕಿರುವವರು ಕದ್ದೊಯ್ಯದಿರಲೆಂದು! ಎಡಿನ್‌ಬರೋ ವೈದ್ಯವಿದ್ಯೆಗೆ ಹೆಸರಾದ ಊರು. ಕುಯ್ದು ಕಲಿಯಲು ಶವಗಳು ಬೇಕು. ಕಾನೂನಿನಂತೆ ಸಿಗುತ್ತಿದ್ದ ಶವಗಳು ಸಾಲುತ್ತಿರಲಿಲ್ಲ. ಹೂತ ರಾತ್ರಿಯೇ ಹೆಣ ಅಗೆದು ಮಾರುವ ಕಸುಬು ಬೆಳೆಯಿತು.

ಬರ್ಕ್, ಹೇರ್ ಎಂಬಿಬ್ಬರು ಅಗೆಯುವ ಶ್ರಮವನ್ನೂ ಉಳಿಸಿಕೊಂಡರು. 1827ರ ನವೆಂಬರಿನಲ್ಲಿ ಹೇರನ ಬಿಡಾರದ ಮುದುಕನೊಬ್ಬ ಬಾಡಿಗೆ ಬಾಕಿಯಿಟ್ಟು ಕಾಯಿಲೆಯಿಂದ ಸತ್ತನು. ಶವವನ್ನು ಡಾಕ್ಟರ್ ರಾಬರ್ಟ್ ನಾಕ್ಸನ ಅಂಗರಚನಾ ಶಾಲೆಗೆ ಒಯ್ದರೆ 7 ಪೌಂಡು 10 ಷಿಲಿಂಗು ಸಿಕ್ಕಿತು. ಅಲ್ಲಿಂದ ಮುಂದೆ ಒಂದು ವರ್ಷ ತುಂಬುವುದರೊಳಗೆ ಅವರು ಕೊಂದವರು 16 ಜನ. ಹೆಚ್ಚಿನವರು ಹೆಂಗಸರು, ದಿಕ್ಕಿಲ್ಲದವರು, ಕಾಣೆಯಾದರೆ ಕೇಳುವವರಿಲ್ಲದವರು. ಹೇರ್ ಸರ್ಕಾರದ ಪರ ಸಾಕ್ಷಿ ಹೇಳಿ ಪಾರಾದನು. ನಾಕ್ಸನ ಮೇಲೆ ಮೊಕದ್ದಮೆಯೇ ಆಗಲಿಲ್ಲ. ಬರ್ಕನನ್ನು 1829ರ ಜನವರಿ 28ರಂದು ಗಲ್ಲಿಗೇರಿಸಿ ಅವನ ಶವವನ್ನೂ ಕುಯ್ದರು. ಆ ಅಸ್ಥಿಪಂಜರ ವಿಶ್ವವಿದ್ಯಾನಿಲಯದ ಅಂಗರಚನಾ ವಸ್ತುಸಂಗ್ರಹಾಲಯದಲ್ಲಿದೆ. 1832ರ ಕಾನೂನು ಹೆಣಗಳ್ಳತನವನ್ನು ನಿಲ್ಲಿಸಿತು ನಿಜ. ಹೇಗೆಂದರೆ, ಅನಾಥಾಲಯಗಳಲ್ಲಿ ಸತ್ತು ವಾರಸುದಾರರಿಲ್ಲದ ಬಡವರ ಶವಗಳನ್ನು ಶಾಲೆಗಳಿಗೆ ಒಪ್ಪಿಸುವುದರ ಮೂಲಕ.

ಶ್ಮಶಾನದಿಂದ ಕೂಗಳತೆಯ ಚೇಂಬರ್ಸ್ ಸ್ಟ್ರೀಟಿನಲ್ಲಿ, 1867ರ ಶಾಸನದಂತೆ ಓಣಿಗಳನ್ನು ಕೆಡವಿ ಮಾಡಿದ ಬೀದಿಯಲ್ಲಿಯೇ, ಸ್ಕಾಟ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಪ್ರವೇಶಕ್ಕೆ ಶುಲ್ಕವಿಲ್ಲ. ಅಲ್ಲಿ ಕೇಳಿಕೊಂಡು ಹೋಗಿ ನೋಡಬೇಕಾದದ್ದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಶವಪೆಟ್ಟಿಗೆಗಳು. 1836ರಲ್ಲಿ ಮೊಲದ ಬೇಟೆಗೆಂದು ಆರ್ಥರ್ಸ್ ಸೀಟ್ ಗುಡ್ಡವನ್ನು ಹತ್ತಿದ ಹುಡುಗರಿಗೆ ಬಂಡೆಯ ಸಂದಿನಲ್ಲಿ ಕಲ್ಲಿನ ಚಪ್ಪಡಿಗಳ ಹಿಂದೆ ಇವು ಸಿಕ್ಕಿದವು. ಒಟ್ಟು 17 ಇದ್ದವು. ಹುಡುಗರಲ್ಲವೆ, ಒಬ್ಬರ ಮೇಲೊಬ್ಬರು ಎಸೆದಾಡಿ ಕೆಲವನ್ನು ಹಾಳುಮಾಡಿದರು, ಉಳಿದವು ಎಂಟು. ಒಂದೊಂದರಲ್ಲಿಯೂ ಮರದ ಬೊಂಬೆ, ಮೈಗೆ ಒಪ್ಪುವಂತೆ ಹೊಲಿದ ಬಟ್ಟೆ. ಬೊಂಬೆಗಳ ಕಣ್ಣು ತೆರೆದಿವೆ. ಪೆಟ್ಟಿಗೆಯಲ್ಲಿ ಹಿಡಿಸದ ಕೆಲವು ಬೊಂಬೆಗಳ ತೋಳುಗಳನ್ನು ತೆಗೆದಿದ್ದಾರೆ.

ಯಾರು ಮಾಡಿದರು, ಏಕೆ ಮಾಡಿದರೆಂಬುದು ಇಂದಿಗೂ ಬಗೆಹರಿದಿಲ್ಲ. ಮಾಟವೆಂದರು, ಕಡಲಿನಲ್ಲಿ ಸತ್ತವರ ನೆನಪೆಂದರು. ಹೊಲಿಗೆಯ ನೂಲು ಸುಮಾರು 1830ರ ಕಾಲದ್ದೆಂದು ಕಂಡುಬಂದ ಮೇಲೆ ಇನ್ನೊಂದು ಊಹೆ ಬಲವಾಯಿತು. ಕೊಲೆಯಾದ 16 ಜನ, ಮೊದಲು ಮಾರಿದ ಮುದುಕ, ಅಲ್ಲಿಗೆ 17 ಆಯಿತು. ಚೂರುಚೂರಾಗಿ ಮಣ್ಣು ಕಾಣದೆ ಹೋದವರಿಗೆ ಯಾರೋ ಗುಟ್ಟಾಗಿ ಶವಸಂಸ್ಕಾರ ಮಾಡಿರಬಹುದೆ? ಸತ್ತವರಲ್ಲಿ ಹೆಂಗಸರೇ ಹೆಚ್ಚಾಗಿರುವಾಗ ಬೊಂಬೆಗಳಿಗೆಲ್ಲ ಗಂಡುಡುಗೆ ಏಕೆಂದು ಕೇಳುವವರಿಗೆ ಉತ್ತರವಿಲ್ಲ. ಹಳೆಯ ಆಟಿಕೆಯ ಸಿಪಾಯಿಗಳನ್ನೇ ಬಳಸಿರಬಹುದೆನ್ನುತ್ತಾರೆ ಕೆಲವರು.

ಗಾಜಿನ ಮುಂದೆ ಬಗ್ಗಿ ನಿಂತವರು ಬೇಗ ಕದಲುವುದಿಲ್ಲ. ಮಕ್ಕಳು ಮಾತ್ರ ಅಷ್ಟು ಹೊತ್ತಿಗೆ ಅಪ್ಪ ಅಮ್ಮಂದಿರ ಕೈ ಜಗ್ಗುತ್ತಿರುತ್ತಾರೆ. ಇದೇ ಕಟ್ಟಡದಲ್ಲಿ ಡಾಲಿ ಎಂಬ ಕುರಿ ಇದೆ. 1996ರಲ್ಲಿ ಎಡಿನ್‌ಬರೋ ಪಕ್ಕದ ರಾಸ್ಲಿನ್ ಸಂಸ್ಥೆಯಲ್ಲಿ ಇನ್ನೊಂದು ಕುರಿಯ ಒಂದೇ ಜೀವಕೋಶದಿಂದ ಪಡಿಯಚ್ಚಾಗಿ ಹುಟ್ಟಿ, 2003ರಲ್ಲಿ ಸತ್ತದ್ದು. ಗಾಜಿನ ಪೆಟ್ಟಿಗೆಯೊಳಗೆ ನಿಂತು ಸುತ್ತುತ್ತಿರುವ ಅದನ್ನು ನೋಡದೆ ಹೊರಡಲು ಅವರಾರೂ ಒಪ್ಪುವುದಿಲ್ಲ.